ಮೂರು ಕತೆಗೆ ಒಂದೇ ಮಾರ್ಕ್ಸಾ?

ನಾಗಸಂದ್ರದಿಂದ ಮಾತಾಡ್ತಿದ್ದೀನಿ. ಇವತ್ತು 1995ರ ಜಪಾನಿ ಅನಿಮೇಷನ್ ಸಿನಿಮಾ ‘ಮೆಮೊರೀಸ್’. ಒಂದೇ ಸಿನಿಮಾದೊಳಗೆ ಮೂರು ಕತೆ, ಮೂವರು ನಿರ್ದೇಶಕರು.

ಮೊದಲನೆಯದು ‘ಮ್ಯಾಗ್ನೆಟಿಕ್ ರೋಸ್’. ಬಾಹ್ಯಾಕಾಶದಲ್ಲಿ ಗುಜರಿ ಆಯೋರು ಒಬ್ಬ ಒಪೆರಾ ಗಾಯಕಿಯ ನೆನಪುಗಳೊಳಗೆ ಸಿಕ್ಕಿಬೀಳ್ತಾರೆ. ಅದ್ಭುತವಾಗಿದೆ. ಎರಡನೆಯದು ‘ಸ್ಟಿಂಕ್ ಬಾಂಬ್’. ಶೀತಕ್ಕೆ ಅಂತ ಮಾತ್ರೆ ನುಂಗಿದವನ ಮೈಯಿಂದ ವಿಷದ ವಾಸನೆ ಹರಡುತ್ತೆ. ನಗು ಬರುತ್ತೆ, ಆದ್ರೆ ಒಂದೇ ಜೋಕನ್ನು ಎಳೀತಾರೆ. ಮೂರನೆಯದು ‘ಕ್ಯಾನನ್ ಫಾಡರ್’. ಕಾಣದ ಶತ್ರುವಿನ ಮೇಲೆ ದಿನಾ ಫಿರಂಗಿ ಹಾರಿಸೋ ಊರು. ಕತೆ ತೆಳು, ಆದರೆ ಆ ಊರು ಮನಸ್ಸಿಂದ ಹೋಗಲ್ಲ.

ನಾನು ಓದಿದ್ದು ಬಿ.ಕಾಂ. ಸರಾಸರಿ ತೆಗೆಯೋದು ಸುಲಭ. 5, 2, 3.5 ಕೊಟ್ಟರೆ ಮೂರೂವರೆ ಸ್ಟಾರ್. ಆದ್ರೆ ಆ ಮೂರೂವರೆ ನೋಡಿದವರಿಗೆ ಮೊದಲ ಕತೆ ಎಷ್ಟು ದೊಡ್ಡದು ಅಂತ ಗೊತ್ತಾಗೋದೇ ಇಲ್ಲ.

ನಮ್ಮಲ್ಲೇ ನೋಡಿ. ಪುಟ್ಟಣ್ಣ ಕಣಗಾಲರ 1976ರ ‘ಕಥಾ ಸಂಗಮ’ದಲ್ಲೂ ಮೂರು ಕತೆ. ಅದರಲ್ಲಿ ‘ಮುನಿತಾಯಿ’ಯೊಂದೇ 1984ರಲ್ಲಿ ತಮಿಳಲ್ಲಿ ಪೂರ್ತಿ ಸಿನಿಮಾ ಆಯ್ತು. 2019ರಲ್ಲಿ ಅದೇ ಹೆಸರಲ್ಲಿ ಬಂದ ಚಿತ್ರದಲ್ಲಿ ಏಳು ಕತೆ, ಏಳು ನಿರ್ದೇಶಕರು. ಏಳೂ ಜನರನ್ನ ಸೇರಿಸಿ ಒಂದು ನಂಬರ್ ಕೊಟ್ಟರೆ ಚೆನ್ನಾಗಿ ಮಾಡಿದವರಿಗೆ ಮೋಸ. ಎಡವಿದವರಿಗೂ ಎಲ್ಲಿ ಎಡವಿದ್ವಿ ಅಂತ ತಿಳಿಯಲ್ಲ.

ಹಾಗಾಗಿ ಸ್ಟಾರ್ ಕೊಡಲ್ಲ. ‘ಮೆಮೊರೀಸ್’ ನೋಡಿ, ಮೊದಲ ಕತೆಗೋಸ್ಕರ. ಎರಡನೆಯದು ಬೇಜಾರಾದ್ರೂ ಎದ್ದು ಹೋಗಬೇಡಿ, ಮೂರನೆಯದು ಬಾಕಿ ಇರುತ್ತೆ.