ಕಾರ್ಪೊರೇಟರ್‌ಗೆ ಓಟು ನಿಮ್ಮದು, ಮೇಯರ್ ಯಾರ ಕೈಯಲ್ಲಿ?

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು? ಬೆಂಗಳೂರಿನವರಾದ್ರೆ ಸ್ವಲ್ಪ ತಡವರಿಸ್ತೀರಿ. ತಪ್ಪು ನಿಮ್ಮದಲ್ಲ. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು. ಆಮೇಲೆ ಬಂದಿದ್ದು ಆಡಳಿತಾಧಿಕಾರಿ.

ಬೆಂಗಳೂರಿನ ಜನ ಕೊನೇ ಸಲ ಪಾಲಿಕೆಗೆ ಓಟು ಹಾಕಿದ್ದು 2015ರ ಆಗಸ್ಟ್ 22ರಂದು. ಆಗ 17 ವರ್ಷ ಆಗಿದ್ದ ಹುಡುಗಿಗೆ ಹತ್ತು ವರ್ಷ ಕಳೆದು 27 ಆಯ್ತು. ಅಷ್ಟರಲ್ಲಿ ಆಕೆ ಲೋಕಸಭೆಗೆ ಓಟು ಹಾಕಿದ್ದಾಳೆ, ವಿಧಾನಸಭೆಗೆ ಹಾಕಿದ್ದಾಳೆ. ತನ್ನ ಬೀದಿಯ ಕಸ, ಚರಂಡಿ, ದೀಪ ನೋಡ್ಕೊಳ್ಳೋ ಸಭೆಗೆ ಮಾತ್ರ ಒಮ್ಮೆಯೂ ಹಾಕಿಲ್ಲ.

ಆ 2015ರ ಚುನಾವಣೆಯನ್ನೇ ನೋಡಿ. ಇದ್ದದ್ದು 198 ವಾರ್ಡು. ಬಿಜೆಪಿ 100 ಗೆದ್ದಿತು, ಕಾಂಗ್ರೆಸ್ 76, ಜೆಡಿಎಸ್ 14. ಉಳಿದದ್ದು ಪಕ್ಷೇತರರು ಮತ್ತು ಇತರರು. ಲೆಕ್ಕ ಹಾಕಿದ್ರೆ ಬಿಜೆಪಿಗೆ ಬಹುಮತ. ಆದ್ರೆ ಮೇಯರ್ ಆಗಿದ್ದು ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ. ಅದು ಹೇಗೆ ಅಂತೀರಾ? ಮೇಯರ್ ಚುನಾವಣೆಯಲ್ಲಿ ಕಾರ್ಪೊರೇಟರ್‌ಗಳ ಜೊತೆ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರೂ ಓಟು ಹಾಕ್ತಾರೆ. ಅವರನ್ನೆಲ್ಲ ಸೇರಿಸಿದ್ರೆ 198 ಅನ್ನೋ ಲೆಕ್ಕ 260ಕ್ಕೆ ಏರುತ್ತೆ. ಕಾಂಗ್ರೆಸ್, ಜೆಡಿಎಸ್, ಪಕ್ಷೇತರರು ಕೈಜೋಡಿಸಿದ್ರು, ಕೂದಲೆಳೆ ಅಂತರದಲ್ಲಿ ಗೆದ್ರು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಆದ್ರೆ ವಾರ್ಡಿನಲ್ಲಿ ಸಾಲು ನಿಂತು ಓಟು ಹಾಕಿದವನಿಗೆ, ಅವನು ಯಾವ ಪಕ್ಷದವನೇ ಆಗಲಿ, ಮೇಯರ್ ಆಯ್ಕೆ ತನ್ನ ಕೈಯಿಂದ ಬಲು ದೂರ ಅನ್ನಿಸೋದು ಸಹಜ.

ಇನ್ನೊಂದು ವಿಷಯ. ಆ ಐದು ವರ್ಷದಲ್ಲಿ ಬೆಂಗಳೂರಿಗೆ ಐದು ಮೇಯರ್. ಮಂಜುನಾಥ ರೆಡ್ಡಿ, ಜಿ. ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ ಮಲ್ಲಿಕಾರ್ಜುನ್, ಕೊನೆಗೆ ಬಿಜೆಪಿಯ ಗೌತಮ್ ಕುಮಾರ್. ಒಬ್ಬೊಬ್ಬರಿಗೆ ಒಂದೊಂದು ವರ್ಷ. ಫೈಲು ಅರ್ಥ ಆಗೋ ಹೊತ್ತಿಗೆ ಗೌನು ಬಿಚ್ಚಿಡೋ ಸಮಯ ಬಂದಿರುತ್ತೆ. ಆದ್ರೆ ಕಮಿಷನರ್ ಸರ್ಕಾರ ಕಳಿಸಿದ ಐಎಎಸ್ ಅಧಿಕಾರಿ. ಆದೇಶ ಹೊರಡೋದು ಅವರ ಸಹಿಯಿಂದ.

ಹಾಗಾದ್ರೆ ಮೇಯರ್‌ನ ಜನರೇ ನೇರವಾಗಿ ಆರಿಸಲಿ ಅಂತ ಕೆಲವರು ಹೇಳ್ತಾರೆ. ಇಂದೋರ್‌ನಲ್ಲಿ, ಲಖನೌದಲ್ಲಿ ಹಾಗೇ ಇದೆ. ಒಳ್ಳೇದೇ. ಆದ್ರೆ ಕುರ್ಚಿಗೆ ಅಧಿಕಾರ ಕೊಡದೆ ಕೂರಿಸೋ ವಿಧಾನ ಮಾತ್ರ ಬದಲಿಸಿದ್ರೆ ಏನು ಬಂತು?

ಕೌನ್ಸಿಲ್ಲೇ ಬೇಡ, ಅಧಿಕಾರಿಗಳೇ ಚೆನ್ನಾಗಿ ನಡೆಸ್ತಾರೆ ಅನ್ನೋರೂ ಇದ್ದಾರೆ. ಅಧಿಕಾರಿಗಳು ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಬಜೆಟ್ ಮಂಡನೆಯಾದಾಗ ಎದ್ದು ನಿಂತು, 'ಸ್ವಾಮಿ, ನಮ್ಮ ವಾರ್ಡಿನ ದುಡ್ಡು ಎಲ್ಲಿ?' ಅಂತ ಕೇಳೋಕೆ ಒಬ್ಬರು ಬೇಕಲ್ಲ? ರಾತ್ರಿ ಮಳೆ ನೀರು ಮನೆಗೆ ನುಗ್ಗಿದಾಗ ಶಾಸಕರ ಮನೆ ಬಾಗಿಲು ದೂರ. ಕಾರ್ಪೊರೇಟರ್ ಮನೆ ಎರಡು ಬೀದಿ ಆಚೆ. ಬೈದರೂ ಕೇಳಿಸ್ಕೋಬೇಕು, ಯಾಕಂದ್ರೆ ಮತ್ತೆ ಓಟಿಗೆ ಬರಬೇಕು.

ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯೋ ಮುಂಚೆಯೇ ಚುನಾವಣೆ ಮುಗಿದಿರಬೇಕು. ಇದು ಸಂವಿಧಾನದ 243ಯು ವಿಧಿಯ ಮಾತು. ಇಲ್ಲಿ ಆಗಿದ್ದೇನು? ವಾರ್ಡುಗಳು 198ರಿಂದ 243 ಆದವು, ಆಮೇಲೆ 225, ಈಗ 369. ಪ್ರತಿ ಸಲ ಗಡಿ ಬದಲು, ಮೀಸಲಾತಿ ಪಟ್ಟಿ, ಕೋರ್ಟು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಅದರ ಕೆಳಗೆ ಐದು ಪಾಲಿಕೆ. ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿಗಳೇ. ಅಂದ್ರೆ ಮುಂದೆ ಐದು ಮೇಯರ್ ಬಂದ್ರೂ ಅವರ ತಲೆ ಮೇಲೆ ವಿಧಾನಸೌಧ ಇದ್ದೇ ಇರುತ್ತೆ.

ಅದಕ್ಕೇ ಒಂದು ಮಾತು. ಓಟು ಕೇಳೋಕೆ ನಿಮ್ಮ ಮನೆಗೆ ಬರೋರನ್ನ ರಸ್ತೆ, ನೀರಿನ ಬಗ್ಗೆ ಖಂಡಿತ ಕೇಳಿ. ಜೊತೆಗೆ ಇನ್ನೆರಡು ಕೇಳಿ. ವಾರ್ಡ್ ಸಮಿತಿ ಸಭೆ ಪ್ರತಿ ತಿಂಗಳು ಕರೀತೀರಾ? ನಿಮ್ಮ ಅವಧಿ ಮುಗಿಯೋ ಹೊತ್ತಿಗೆ ಮುಂದಿನ ಚುನಾವಣೆ ನಡೀಬೇಕು ಅಂತ ನಿಮ್ಮ ಪಕ್ಷದೊಳಗೇ ದನಿ ಎತ್ತುತ್ತೀರಾ? ಉತ್ತರ ತಡವರಿಸಿದ್ರೆ, ಅದೂ ಒಂದು ಉತ್ತರವೇ.