ಬೂದಿ ದಿಬ್ಬದ ಕತೆ



ಇವತ್ತು ನಾವು ಬಹಳ ಹಳೆಯ ಕಾಲದ ಜನರ ವಿಷಯ ಮಾತಾಡೋಣ. ಇದು ರಾಜರ ಕಾಲ ಅಲ್ಲ. ಹಂಪಿಯ ಕಾಲವೂ ಅಲ್ಲ. ಅದಕ್ಕಿಂತ ತುಂಬಾ ಹಿಂದೆ, ಸುಮಾರು 5,000 ವರ್ಷಗಳ ಹಿಂದೆ. ಆಗ ನಮ್ಮ ನಾಡಿನಲ್ಲಿ ಅಕ್ಷರವೇ ಇರಲಿಲ್ಲ. ಊರಿನಲ್ಲಿ ಒಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ಆದರೂ ಅವರು ದನ ಸಾಕಿದರು, ಬೆಳೆ ಬೆಳೆದರು, ಮನೆ ಕಟ್ಟಿದರು, ಮಕ್ಕಳನ್ನು ಸಾಕಿದರು.

ಬರೆದಿಡದೇ ಹೋದವರ ವಿಷಯ ನಮಗೆ ತಿಳಿದದ್ದು ಹೇಗೆ? ಅವರು ಬಿಟ್ಟುಹೋದ ವಸ್ತುಗಳಿಂದ. ಒಡೆದ ಮಡಕೆ, ಕಲ್ಲಿನ ಕೊಡಲಿ, ಸುಟ್ಟ ಕಾಳು, ಮೂಳೆ, ಬೂದಿ. ಇವನ್ನು ಹುಡುಕಿ ನೋಡುತ್ತಾರೆ. ಇಂದಿನ ಜನರ ಬದುಕನ್ನೂ ಕೇಳಿ ತಿಳಿಯುತ್ತಾರೆ. ಎರಡನ್ನೂ ಹೋಲಿಸುತ್ತಾರೆ. ಮನುಷ್ಯರು ಹೇಗೆ ಬಾಳಿದರು ಎಂದು ತಿಳಿಯುವ ಈ ಓದಿಗೆ ಮಾನವಶಾಸ್ತ್ರ ಎಂದು ಹೆಸರು.

ಹೆಸರು ದೊಡ್ಡದು. ಕೆಲಸ ಮಾತ್ರ ನಿಮಗೆ ಗೊತ್ತಿರೋದೇ. ಒಂದು ಮನೆಯ ತಿಪ್ಪೆ ನೋಡಿದರೆ ಸಾಕು. ಆ ಮನೆಯಲ್ಲಿ ಏನು ಅಡುಗೆ ಆಯಿತು, ಎಷ್ಟು ದನ ಇವೆ ಅಂತ ನೀವು ಹೇಳ್ತೀರಿ. ಹೌದಲ್ವಾ?

ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಬೂದಿ ದಿಬ್ಬಗಳಿವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ಒಂದು ದೊಡ್ಡ ದಿಬ್ಬ ಇದೆ. ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿ ಇಂಥವು ನೂರಕ್ಕೂ ಹೆಚ್ಚು. ಕೆಲವು ಕಡೆ ಬೂದಿ ಮೆತ್ತಗೆ ಇದೆ. ಕೆಲವು ಕಡೆ ಬೆಂಕಿಯ ಕಾವಿಗೆ ಕರಗಿ, ಗಾಜಿನ ಹಾಗೆ ಗಟ್ಟಿಯಾಗಿದೆ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಜನ ಇದನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಅಷ್ಟು ದೊಡ್ಡ ಬೂದಿಯ ರಾಶಿ ನೋಡಿದ ಯಾರಿಗಾದರೂ ಹಾಗೆ ಅನ್ನಿಸೀತು.

ರಾಬರ್ಟ್ ಬ್ರೂಸ್ ಫೂಟ್ ಎಂಬುವರು ನೂರು ವರ್ಷಕ್ಕೂ ಹಿಂದೆ ಈ ದಿಬ್ಬಗಳನ್ನು ನೋಡಿದರು. ಇದು ಸಗಣಿಯ ಬೂದಿ ಎಂದರು. ಎಲ್ಲರೂ ಒಪ್ಪಲಿಲ್ಲ. 1957ರಲ್ಲಿ ಆಲ್ಚಿನ್ ಎಂಬುವರು ತೆಲಂಗಾಣದ ಹಳೆಯ ಮಹಬೂಬನಗರ ಜಿಲ್ಲೆಯ ಉತ್ನೂರಿನಲ್ಲಿ ಒಂದು ದಿಬ್ಬವನ್ನು ಅಗೆದರು. ಅಲ್ಲಿ ಸುತ್ತಲೂ ಕಂಬ ನೆಟ್ಟ ಗುಳಿಗಳು ಸಿಕ್ಕವು. ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಅಂದರೆ ಅದು ದನದ ದೊಡ್ಡಿ. ಸಗಣಿ ಸೇರಿತು, ಸುಟ್ಟರು. ಮತ್ತೆ ಸೇರಿತು, ಮತ್ತೆ ಸುಟ್ಟರು. ಹೀಗೆ ಪದರದ ಮೇಲೆ ಪದರ ಬಿದ್ದು ದಿಬ್ಬ ಆಯಿತು.

ಕುಳ್ಳು ತಟ್ಟಿ ಒಲೆ ಉರಿಸುವ ನಮಗೆ ಒಂದು ಪ್ರಶ್ನೆ ಬರುತ್ತದೆ. ಇಷ್ಟು ಸಗಣಿಯನ್ನು ಸುಮ್ಮನೆ ಯಾಕೆ ಸುಟ್ಟರು? ಆಲ್ಚಿನ್ ಇದಕ್ಕೆ ಇಂದಿನ ಹಬ್ಬಗಳ ಕಡೆ ನೋಡಿದರು. ಸಂಕ್ರಾಂತಿಯಲ್ಲಿ ಮೈಸೂರು, ಮಂಡ್ಯ ಕಡೆ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ಅಂಥದ್ದೇ ಆಚರಣೆ ಇದ್ದೀತು ಎಂದರು. ದೊಡ್ಡಿ ಶುಚಿ ಮಾಡಲು ಸುಟ್ಟರು ಅನ್ನುವವರೂ ಇದ್ದಾರೆ. ಈ ವಾದ ಇನ್ನೂ ಮುಗಿದಿಲ್ಲ. ನೀವೂ ಒಂದು ಮಾತು ಸೇರಿಸಬಹುದು. ಸಗಣಿಯ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ಅವರ ಅಡುಗೆಗೆ ಬರೋಣ. ಬಳ್ಳಾರಿ ಪಕ್ಕದ ಸಂಗನಕಲ್ಲು, ಸಿರುಗುಪ್ಪ ಕಡೆಯ ತೆಕ್ಕಲಕೋಟೆ, ಹಾವೇರಿ ಜಿಲ್ಲೆಯ ಹಳ್ಳೂರು, ಇಲ್ಲೆಲ್ಲ ಹಳೆಯ ಮಣ್ಣನ್ನು ತೆಗೆದು ನೋಡಿದ್ದಾರೆ. ಮಣ್ಣನ್ನು ನೀರಿಗೆ ಹಾಕುತ್ತಾರೆ. ಕಾಳು ತೊಳೆವಾಗ ಜೊಳ್ಳು ಮೇಲೆ ಬರುತ್ತದಲ್ಲ, ಹಾಗೆ ಸುಟ್ಟ ಕಾಳು ಮೇಲೆ ತೇಲುತ್ತದೆ. ಒಲೆಯ ಬೆಂಕಿಗೆ ಬಿದ್ದು ಕರಿದಾದ ಕಾಳು ಸಾವಿರಾರು ವರ್ಷ ಕೆಡುವುದಿಲ್ಲ. ಹೀಗೆ ಸಿಕ್ಕಿದ್ದು ಯಾವುವು ಗೊತ್ತೇ? ಹುರುಳಿ. ಹೆಸರು. ಕೊರಲೆ. ಇವತ್ತು ನಾವು ಹುರುಳಿ ಸಾರು ಮಾಡುತ್ತೇವೆ. ಕೊರಲೆ ಅನ್ನ ಈಗ ಅಪರೂಪ. ಬಡವರ ಕಾಳು ಎಂದು ಕೆಲವರು ಮೂಗು ಮುರಿಯುತ್ತಾರೆ. ಈ ನೆಲದ ಮೊದಲ ಬೆಳೆಗಳೇ ಇವು.

ಸಂಗನಕಲ್ಲಿನ ಬಂಡೆಗಳ ಮೇಲೆ ಕುಳಿಗಳಿವೆ. ಉದ್ದನೆಯ ಗೀರುಗಳೂ ಇವೆ. ಕಾಳು ಅರೆದು, ಕಲ್ಲಿನ ಕೊಡಲಿ ಮಸೆದು ಆದವು ಇವು. ಗಟ್ಟಿ ಬಂಡೆಯಲ್ಲಿ ಕುಳಿ ಬೀಳಬೇಕಾದರೆ ಎಷ್ಟು ದಿನ ಅರೆದಿರಬೇಕು! ಅರೆದವರು ಹೆಂಗಸರೋ ಗಂಡಸರೋ, ಕಲ್ಲು ಹೇಳುವುದಿಲ್ಲ. ಆದರೂ ಹಳೆಯ ಪುಸ್ತಕಗಳು ಬೇಟೆಯ ಮಾತನ್ನೇ ಹೆಚ್ಚು ಬರೆದವು. ಅರೆಯುವ ಕಲ್ಲಿಗೆ ಒಂದು ಸಾಲು ಕೊಟ್ಟು ಮುಗಿಸಿದವು. ಇದು ಸರಿಯಲ್ಲ ಎಂದು ನಮಗೆ ಅನ್ನಿಸುತ್ತದೆ. ದಿನದ ಊಟ ಬಂದದ್ದು ಈ ಕುಳಿಯಿಂದಲೂ ಹೌದಲ್ಲ?

ಅವರು ಮಾಂಸವನ್ನೂ ತಿನ್ನುತ್ತಿದ್ದರು. ಕುರಿ, ಮೇಕೆ, ದನ ಎಲ್ಲವೂ. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಪದ್ದಯ್ಯ ಎಂಬ ವಿದ್ವಾಂಸರು ಅಗೆದಾಗ, ದನ ಕೊಯ್ಯುತ್ತಿದ್ದ ಜಾಗವೇ ಸಿಕ್ಕಿತು. ಕೆಲವರಿಗೆ ಇದು ಕೇಳಲು ಕಷ್ಟ ಆಗಬಹುದು. ಕೆಲವರಿಗೆ ಏನೂ ಅನ್ನಿಸದೆ ಇರಬಹುದು. ಜನ ಹೇಗೆ ಬದುಕಬೇಕಿತ್ತು ಎಂದು ಮಾನವಶಾಸ್ತ್ರ ಕೇಳುವುದಿಲ್ಲ. ಹೇಗೆ ಬದುಕಿದರು ಎಂದು ಮಾತ್ರ ಕೇಳುತ್ತದೆ.

ತೆಕ್ಕಲಕೋಟೆಯನ್ನು 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಗೆದರು. ದುಂಡನೆಯ ಗುಡಿಸಲುಗಳ ನೆಲ ಸಿಕ್ಕಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಆ ಸೀಮೆಯ ಬೋಯ ಜನರ ದುಂಡನೆಯ ಮನೆಗಳನ್ನೂ ನೋಡಿದರು. ಹಳೆಯದನ್ನು ತಿಳಿಯಲು ಇಂದಿನ ಜನರ ಮನೆ ಬಾಗಿಲಿಗೆ ಹೋದರು.

ಇನ್ನೊಂದು ವಿಷಯ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದಾಗ, ಕಲ್ಲು ಕೊಡಲಿಯ ಕಾಲದ ಪದರದಲ್ಲಿ ಗಡಿಗೆಗಳು ಸಿಕ್ಕವು. ಅವುಗಳಲ್ಲಿ ಎಳೆಯ ಕೂಸುಗಳ ಮೂಳೆ ಇದ್ದವು. ಸತ್ತ ಕೂಸನ್ನು ಬಿಸಾಕಿರಲಿಲ್ಲ. ಗಡಿಗೆಯಲ್ಲಿ ಮಲಗಿಸಿ, ತಾವು ಇರುವ ಊರಲ್ಲೇ ಹೂತಿದ್ದರು. ಕೂಸು ಕಳೆದುಕೊಂಡ ತಾಯಂದಿರು ಇಲ್ಲಿಯೂ ಇರಬಹುದು. ಅವರಿಗೆ ನಾವು ಹೆಚ್ಚು ವಿವರಿಸಬೇಕಿಲ್ಲ.

ಈ ದಿಬ್ಬಗಳು ಈಗ ಕರಗುತ್ತಿವೆ. ಬೂದಿಯನ್ನು ಗೊಬ್ಬರಕ್ಕೆ ಎಂದು ಗಾಡಿಗಟ್ಟಲೆ ಹೊಲಕ್ಕೆ ಸಾಗಿಸಿದ್ದಾರೆ. ಸಂಗನಕಲ್ಲು, ಕುಪ್ಗಲ್ಲು ಗುಡ್ಡಗಳನ್ನು ಕಲ್ಲಿನ ಕ್ವಾರಿ ಕೊರೆದಿದೆ. ಅದೇ ಗುಡ್ಡದ ಬಂಡೆಗಳ ಮೇಲೆ ಆ ಕಾಲದವರು ಕೆತ್ತಿದ ಎತ್ತುಗಳ ಚಿತ್ರಗಳಿವೆ. ಕಲ್ಲು ಒಡೆಯುವ ಕೂಲಿಯವರನ್ನು ನಾವು ಬೈಯುವುದಿಲ್ಲ. ಹೊಟ್ಟೆಪಾಡು ಅದು. ಗುತ್ತಿಗೆ ಕೊಡುವವರಿಗೆ, ಹಿಡಿಯುವವರಿಗೆ ಈ ಬಂಡೆ ಏನು ಎಂದು ತಿಳಿದಿರಬೇಕು. ಒಡೆದ ಚಿತ್ರವನ್ನು ಮತ್ತೆ ಜೋಡಿಸಲು ಆಗದು.

ನಿಮ್ಮ ಹೊಲದಲ್ಲಿ ನುಣುಪಾದ, ಒಂದು ಕಡೆ ಚೂಪಾದ ಕಪ್ಪು ಕಲ್ಲು ಸಿಕ್ಕರೆ ಎಸೆಯಬೇಡಿ. ಎಲ್ಲಿ ಸಿಕ್ಕಿತು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಊರಿನ ಹೆಸರು, ಹೊಲದ ಹೆಸರು, ತಾರೀಖು. ಈಗ ನಿಮಗೆ ಬರೆಯಲು ಬರುತ್ತದೆ. ಶಾಲೆಯ ಮೇಷ್ಟ್ರಿಗೆ ತೋರಿಸಿ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯ ಇದೆ. ಸಂಗನಕಲ್ಲಿನ ಕೊಡಲಿಗಳನ್ನು ಅಲ್ಲಿ ನೋಡಬಹುದು. ಹೋದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಪ್ರತಿ ವಸ್ತುವಿನ ಕೆಳಗೆ ಒಂದು ಹಲಗೆ ಇರುತ್ತದೆ. ಅದನ್ನು ಮಕ್ಕಳಿಗೆ ನೀವೇ ಓದಿ ಹೇಳಿ.