ಮಹಾನಗರದ ಶಾಲಾದಿನ ಮತ್ತು ನಮ್ಮ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಹಾನಗರದ ವಿದ್ಯಾರ್ಥಿಯೊಬ್ಬನ ದಿನಚರಿಯ ಬಗ್ಗೆ ನಾಲ್ಕು ಮಾತನಾಡಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಹಬ್ಬಕ್ಕೂ ಬೆಂಗಳೂರಿನ ಶಾಲೆಯ ಗಂಟೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಇಲ್ಲಿ ಕುಳಿತಿರುವ ತಂದೆತಾಯಂದಿರಲ್ಲಿ ಕೆಲವರು ಸಾಲ ಮಾಡಿಯಾದರೂ ಮಕ್ಕಳನ್ನು ಬೆಂಗಳೂರಿಗೆ ಓದಲು ಕಳುಹಿಸಬೇಕೆಂದಿದ್ದೀರಿ. ಇನ್ನು ಕೆಲವರು ದುಡಿಮೆಗಾಗಿ ಅದೇ ಬೆಂಗಳೂರಿಗೆ ಮಕ್ಕಳ ಸಮೇತ ಹೋಗಿಬಂದವರು. ಆದುದರಿಂದ ಒಂದು ದಿನವನ್ನಲ್ಲ, ಮೂರು ದಿನಗಳನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಮೊದಲನೆಯದು ಮಹಾನಗರದ ಮಗುವಿನ ದಿನ. ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಐದೂವರೆಗೆ ಏಳುತ್ತಾನೆ. ಶಾಲೆ ಮೂರೇ ಮೈಲಿ ದೂರವಿದ್ದರೂ ವಾಹನ ಏಳು ಗಂಟೆಗೇ ಮನೆಯ ಮುಂದೆ ನಿಲ್ಲುತ್ತದೆ. ಏಕೆಂದರೆ ಅದು ಹತ್ತು ಬೀದಿಗಳನ್ನು ಸುತ್ತಿ, ಹತ್ತು ಮನೆಗಳ ಮಕ್ಕಳನ್ನು ಕೂಡಿಸಿಕೊಂಡು, ಸಾಲುಗಟ್ಟಿ ನಿಂತ ವಾಹನಗಳ ನಡುವೆ ತೆವಳಬೇಕು. ಬೆಂಗಳೂರಿನ ದಟ್ಟಣೆಯನ್ನು ತಗ್ಗಿಸಲು ಶಾಲೆಗಳ ವೇಳೆಯನ್ನೇ ಬದಲಿಸಬೇಕೇ ಎಂಬ ಪ್ರಶ್ನೆ 2023ರಲ್ಲಿ ಉಚ್ಚ ನ್ಯಾಯಾಲಯದವರೆಗೂ ಹೋಗಿ ಚರ್ಚೆಗೆ ಬಂದಿತೆಂದ ಮೇಲೆ, ಅಲ್ಲಿನ ರಸ್ತೆಯ ಸ್ಥಿತಿಯನ್ನು ನಾನು ಬೇರೆ ಬಣ್ಣಿಸಬೇಕಾಗಿಲ್ಲ. ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಟ್ಟರೆ ಮನೆ ಮುಟ್ಟುವಾಗ ನಾಲ್ಕೂವರೆ. ಐದೂವರೆಗೆ ಮನೆಪಾಠದ ತರಗತಿ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ತಯಾರಿ ಹಲವು ಮನೆಗಳಲ್ಲಿ ಎಂಟು, ಒಂಬತ್ತನೆಯ ತರಗತಿಯಲ್ಲೇ ಪ್ರಾರಂಭವಾಗುತ್ತದೆ. ರಾತ್ರಿ ಒಂಬತ್ತಕ್ಕೆ ಊಟ, ಬಳಿಕ ಶಾಲೆ ಕೊಟ್ಟ ಮನೆಗೆಲಸ. ತಂದೆ ಕಚೇರಿಯಿಂದ ಬರುವಷ್ಟರಲ್ಲಿ ಹುಡುಗನ ಕಣ್ಣು ಮುಚ್ಚಿರುತ್ತದೆ.

ಆ ಮಗುವಿಗೆ ಪ್ರಯೋಗಾಲಯವಿದೆ, ಗ್ರಂಥಾಲಯವಿದೆ, ವಿಷಯಕ್ಕೊಬ್ಬ ಶಿಕ್ಷಕರಿದ್ದಾರೆ. ಇವು ಸಣ್ಣ ಭಾಗ್ಯಗಳಲ್ಲ. 1858ರಲ್ಲಿ ಸ್ಥಾಪನೆಯಾದ ಸಂತ ಜೋಸೆಫರ ಶಾಲೆಯಂಥ ಸಂಸ್ಥೆಗಳ ಕೀರ್ತಿಯನ್ನು ನಾವು ಇಲ್ಲಿ ಕುಳಿತೇ ಕೇಳಿ ಬೆಳೆದವರು. ಆದರೆ ಆ ದಿನದಲ್ಲಿ ಮಗುವಿನದೇ ಎನ್ನುವ ಒಂದು ಗಂಟೆಯನ್ನು ಹುಡುಕಿ ತೋರಿಸಿ ಎಂದರೆ ಕಷ್ಟವಾಗುತ್ತದೆ. ಅರ್ಧವನ್ನು ರಸ್ತೆ ನುಂಗುತ್ತದೆ, ಉಳಿದರ್ಧವನ್ನು ಹಿರಿಯರ ಆಸೆ ನುಂಗುತ್ತದೆ.

ಎರಡನೆಯದು ನಮ್ಮ ಮಗುವಿನ ದಿನ. ಅದೂ ಒಂದೇ ಬಗೆಯದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಭತ್ತದ ಊರುಗಳಲ್ಲಿ ಒಂದು ಬಗೆ. ಮಳೆಯನ್ನೇ ನಂಬಿ ಸಜ್ಜೆ, ತೊಗರಿ ಬೆಳೆಯುವ ಮಸ್ಕಿ, ಲಿಂಗಸುಗೂರಿನ ಒಣಭೂಮಿಯಲ್ಲಿ ಇನ್ನೊಂದು ಬಗೆ. ಹದಿನೈದರ ಹುಡುಗಿಯೊಬ್ಬಳು ಕತ್ತಲಿರುವಾಗಲೇ ಎದ್ದು ನೀರು ತರುತ್ತಾಳೆ, ಅವ್ವ ರೊಟ್ಟಿ ಬಡಿಯುವಾಗ ತಮ್ಮನಿಗೆ ಸ್ನಾನ ಮಾಡಿಸುತ್ತಾಳೆ, ಬುತ್ತಿ ಕಟ್ಟಿಕೊಟ್ಟು ಅಪ್ಪ ಅವ್ವರನ್ನು ಹೊಲಕ್ಕೆ ಕಳುಹಿಸಿ, ಮನೆಗೆ ಬೀಗ ಹಾಕಿ ಬಸ್ಸಿನ ಹಾದಿ ಕಾಯುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಟಿಕೆಟ್ಟಿನ ಹಣ ಬೇಕಿಲ್ಲ; ಬಸ್ಸು ಮಾತ್ರ ಹೊತ್ತಿಗೆ ಬರಬೇಕು, ಬಂದರೆ ನಿಲ್ಲಬೇಕು. ಮಧ್ಯಾಹ್ನದ ಅಕ್ಷರ ದಾಸೋಹ 2002ರಲ್ಲಿ ಮೊಟ್ಟಮೊದಲು ಪ್ರಾರಂಭವಾದುದೇ ರಾಯಚೂರು ಸೇರಿದಂತೆ ನಮ್ಮ ಸೀಮೆಯ ಏಳು ಜಿಲ್ಲೆಗಳಲ್ಲಿ. ಹಸಿದ ಹೊಟ್ಟೆಗೆ ಪಾಠ ಇಳಿಯದೆಂಬುದನ್ನು ನಮ್ಮ ಊರುಗಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಶಾಲೆ ಬಿಟ್ಟ ಮೇಲೆ ಮತ್ತೆ ಪಾತ್ರೆ, ಒಲೆ, ತಮ್ಮ ತಂಗಿಯರು. ಹತ್ತಿ ಬೀಜೋತ್ಪಾದನೆಯ ಹೊಲಗಳಿರುವ ಕಡೆ ಇನ್ನೂ ಒಂದು ಕಷ್ಟವುಂಟು. ಸಂಜೆ ಹೂವಿನ ಕೇಸರಗಳನ್ನು ಬಿಡಿಸಿ ತೆಗೆಯಬೇಕು, ಮರುದಿನ ಬೆಳಿಗ್ಗೆ ಪರಾಗವನ್ನು ಮುಟ್ಟಿಸಬೇಕು. ಸಣ್ಣ ಬೆರಳುಗಳಿಗೆ ಇದು ಸುಲಭವೆಂದು ಮಕ್ಕಳನ್ನು ಕರೆಯುತ್ತಾರೆ. ಗಮನಿಸಿರಿ: ಆ ಕೆಲಸ ಶಾಲೆಯ ಗಂಟೆಯನ್ನು ಮುಟ್ಟದೆ ಇರಬಹುದು, ಆದರೆ ಓದಿನ ಗಂಟೆಗಳಾದ ಮುಂಜಾವು ಮತ್ತು ಸಂಜೆ ಎರಡನ್ನೂ ಕಿತ್ತುಕೊಳ್ಳುತ್ತದೆ. ಹಾಜರಿ ಪುಸ್ತಕದಲ್ಲಿ ಮಗು ಹಾಜರಿರುತ್ತದೆ. ಬೆಂಚಿನ ಮೇಲೆ ತೂಕಡಿಸುತ್ತಿರುತ್ತದೆ. ಕ್ರಮೇಣ ಹಾಜರಿಯೂ ತಪ್ಪುತ್ತದೆ.

ಮೂರನೆಯ ದಿನದ ಬಗ್ಗೆ ಹೇಳುವಾಗ ನನ್ನ ಮಾತು ಭಾರವಾಗುತ್ತದೆ. ಸುಗ್ಗಿ ಮುಗಿದು ಊರಲ್ಲಿ ಕೆಲಸ ಬತ್ತಿದಾಗ ಗುಳೆ ಹೊರಡುವ ಕುಟುಂಬಗಳನ್ನು ನೀವೆಲ್ಲ ಕಂಡಿದ್ದೀರಿ. ಗಂಟು ಮೂಟೆಗಳ ನಡುವೆ ಮಕ್ಕಳನ್ನು ಕೂರಿಸಿಕೊಂಡು ಸಂಜೆಯ ಬಸ್ಸು ಹತ್ತಿದರೆ ಬೆಳಗಿಗೆ ಬೆಂಗಳೂರು. 2024ರಲ್ಲಿ ಸಿಂಧನೂರಿಗೆ ರೈಲೂ ಬಂದಿದೆ. ಅಲ್ಲಿ ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು. ತಾಯಿ ಸಿಮೆಂಟಿನ ಬುಟ್ಟಿ ಹೊರುವಾಗ ಹನ್ನೆರಡು ಹದಿಮೂರರ ಹುಡುಗಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತಾಳೆ. ಏಳು ಗಂಟೆಗೆ ಆ ಬೀದಿಯಲ್ಲಿ ಹಾದುಹೋಗುವುದು ನಾನು ಮೊದಲು ಹೇಳಿದ ಅದೇ ಶಾಲಾ ವಾಹನ. ಮಹಾನಗರದ ಹುಡುಗನ ದಿನವೂ ನಮ್ಮ ಹುಡುಗಿಯ ದಿನವೂ ಒಂದೇ ಬೀದಿಯಲ್ಲಿ ಪ್ರಾರಂಭವಾಗುತ್ತವೆ. ಒಂದು ಶಾಲೆಯ ಕಡೆಗೆ ಹೋಗುತ್ತದೆ, ಇನ್ನೊಂದು ಅಲ್ಲೇ ನಿಲ್ಲುತ್ತದೆ. ಇಲ್ಲಿ ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಪ್ರಾರಂಭವಾಗುವ ಹೊತ್ತಿಗೆ ಆಕೆ ಅಲ್ಲಿರುತ್ತಾಳೆ.

ತಂದೆತಾಯಂದಿರನ್ನು ದೂಷಿಸಲು ನಾನು ಬಂದಿಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಸಿಂಧನೂರು, ಲಿಂಗಸುಗೂರು ಎರಡೂ ಆ ಪಟ್ಟಿಯಲ್ಲಿದ್ದವು. ಮಸ್ಕಿ ಆಗ ಲಿಂಗಸುಗೂರು ತಾಲೂಕಿನಲ್ಲೇ ಇದ್ದಿತು. ಹೊಟ್ಟೆಗಿಲ್ಲದೆ ಊರು ಬಿಟ್ಟವರಿಗೆ ಉಪದೇಶ ಮಾಡುವುದು ಸುಲಭ. ಆದರೆ ಒಂದು ಮಾತನ್ನು ಹೇಳಲೇಬೇಕು. ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದರೂ ಅದರ ರಕ್ಷಣೆ ಇರುವುದು 6ರಿಂದ 14 ವರ್ಷದವರೆಗೆ ಮಾತ್ರ. ಹದಿನೈದನೆಯ ವರ್ಷದಲ್ಲಿ, ಎಂದರೆ ಪ್ರೌಢಶಾಲೆಯ ನಟ್ಟನಡುವೆ, ಕಾನೂನಿನ ಕೈ ಬಿಟ್ಟುಹೋಗುತ್ತದೆ. ಆಮೇಲೆ ಮಗುವನ್ನು ಶಾಲೆಯಲ್ಲಿ ಉಳಿಸುವುದು ಮನೆಯ ನಿರ್ಧಾರ ಒಂದೇ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಉನ್ನತ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ನಮ್ಮ ಭಾಗದವರಿಗೆ ಮೀಸಲಾತಿಯ ಬಾಗಿಲನ್ನು ತೆರೆದಿದೆ. ಹತ್ತನೆಯ ತರಗತಿಯನ್ನು ದಾಟದ ಮಗುವಿಗೆ ಆ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ.

ಮಸ್ಕಿಯ ಬಂಡೆಯನ್ನು ನೀವೆಲ್ಲ ಬಲ್ಲಿರಿ. 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರು ಕಂಡುಬಂದು, ದೇವಾನಾಂಪ್ರಿಯ ಯಾರೆಂಬ ವಿದ್ವಾಂಸರ ಸಂಶಯ ನೀಗಿತೆಂಬುದು ಶಾಲಾ ಪುಸ್ತಕದ ಮಾತು. ಆ ಶಾಸನದ ತಿರುಳು ಅದಕ್ಕಿಂತ ದೊಡ್ಡದು: ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಿಸಿದರೆ ಸಣ್ಣವನೂ ಅದನ್ನು ಹೊಂದಬಲ್ಲನೆಂದು ಇಬ್ಬರಿಗೂ ತಿಳಿಸಿರಿ ಎಂಬುದು ಅದರ ಆಶಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನೆಲದ ಕಲ್ಲಿನ ಮೇಲೆ ಕೊರೆದ ಮಾತನ್ನು ನಮ್ಮ ಮನೆಯ ಮಕ್ಕಳಿಗೆ ನಾವು ತಿಳಿಸಿದ್ದೇವೆಯೇ?

ಹಾಗಾದರೆ ಮಾಡತಕ್ಕದ್ದೇನು? ಬೆಂಗಳೂರಿನ ದಿನಚರಿಯನ್ನು ಇಲ್ಲಿಗೆ ತರುವುದಲ್ಲ. ಮಹಾನಗರದ ಮಗು ಕಳೆದುಕೊಂಡಿರುವ ಬಿಡುವನ್ನೂ, ನಮ್ಮ ಮಗುವಿಗೆ ಸಿಗದ ಓದಿನ ಹೊತ್ತನ್ನೂ ಕೂಡಿಸಿ ಕೊಡುವುದು. ಸಂಜೆ ಆರರಿಂದ ಎಂಟರವರೆಗಿನ ಎರಡು ಗಂಟೆಗಳನ್ನು ಮಗುವಿನದೆಂದು ಬಿಟ್ಟುಕೊಡಿ. ಆ ಹೊತ್ತಿನಲ್ಲಿ ದನ ಕಟ್ಟುವುದು, ಅಂಗಡಿಗೆ ಓಡುವುದು, ಕೂಸು ಆಡಿಸುವುದು ಬೇರೆಯವರ ಪಾಲಾಗಲಿ. ಮಗನಿಗೆ ಕೊಟ್ಟಷ್ಟೇ ಹೊತ್ತನ್ನು ಮಗಳಿಗೂ ಕೊಡಿ. ಗುಳೆ ಹೋಗಲೇಬೇಕಾದರೆ ಮಗುವನ್ನು ಅಜ್ಜಿಯ ಬಳಿಯಲ್ಲೋ ವಸತಿನಿಲಯದಲ್ಲೋ ಬಿಟ್ಟುಹೋಗಿ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇರುವುದು ಇಂಥ ಮಕ್ಕಳಿಗಾಗಿಯೇ. ಜೊತೆಗೆ ಕರೆದೊಯ್ಯಬೇಕಾಗಿಯೇ ಬಂದರೆ ಅಲ್ಲಿನ ಹತ್ತಿರದ ಸರಕಾರಿ ಶಾಲೆಗೆ ಸೇರಿಸಿ. ಎಂಟನೆಯ ತರಗತಿಯವರೆಗೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಕಾಯಿದೆಯೇ ಹೇಳುತ್ತದೆ, ಇದನ್ನು ನೆನಪಿಡಿ.

ಇನ್ನು ನಮ್ಮ ಧರ್ಮಕೇಂದ್ರದ ಪಾಲು. ದೇವಾಲಯದ ಸಭಾಂಗಣ ವಾರದ ಆರು ಸಂಜೆ ಖಾಲಿಯಿರುತ್ತದೆ. ಒಂದು ದೀಪ, ನಾಲ್ಕು ಬೆಂಚು, ಸರದಿಯ ಮೇಲೆ ಕೂರುವ ಇಬ್ಬರು ಕಲಿತವರು, ಇಷ್ಟಿದ್ದರೆ ಎಲ್ಲ ಜಾತಿಮತದ ಮಕ್ಕಳಿಗೂ ಅದು ಓದಿನ ಮನೆಯಾಗುತ್ತದೆ. ಶತಮಾನೋತ್ಸವದ ಗೋಪುರಕ್ಕೆ ಬಣ್ಣ ಬಳಿಯಲು ಉದಾರವಾಗಿ ಕೊಟ್ಟ ಕೈಗಳು ಈ ದೀಪಕ್ಕೂ ಕೊಡಲೆಂದು ಬೇಡುತ್ತೇನೆ. ಗುಳೆ ಹೊರಡುವ ಮನೆಗಳ ಪಟ್ಟಿಯನ್ನು ದೀಪಾವಳಿಗೆ ಮೊದಲೇ ಮಾಡಿ, ಹಿಂದೆ ಉಳಿಯುವ ಮಕ್ಕಳ ಊಟ, ವಸತಿಯನ್ನು ವಿಚಾರಿಸುವ ಹೊಣೆಯನ್ನು ನಮ್ಮ ಸ್ತ್ರೀಯರ ಹಾಗೂ ಯುವಕರ ಸಂಘಗಳು ಹೊರಲಿ.

ಹುಡುಗ ಹುಡುಗಿಯರೇ, ನಿಮಗೂ ಒಂದು ಮಾತು. ಬೆಂಗಳೂರಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಹೋಗಿರಿ, ಆದರೆ ಶೆಡ್ಡಿನ ಬಾಗಿಲಲ್ಲಿ ನಿಲ್ಲಲು ಹೋಗಬೇಡಿರಿ, ಓದಿ ಹೋಗಿರಿ. ನಮ್ಮ ಸೀಮೆಯ ಮಾತನ್ನು ಕೇಳಿ ಅಲ್ಲಿ ಯಾರಾದರೂ ನಕ್ಕರೆ ತಲೆ ತಗ್ಗಿಸಬೇಡಿರಿ. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬರುವವರೆಗೆ ಮಾತ್ರ, ಯಾರು ಎಷ್ಟೇ ಕೂಲಿಯ ಆಸೆ ತೋರಿಸಿದರೂ, ಶಾಲೆಯ ಹೊಸ್ತಿಲನ್ನು ಬಿಡಬೇಡಿರಿ.

 ದೇವರು ನಮ್ಮ ಮಕ್ಕಳನ್ನು ಕಾಪಾಡಲಿ.